ತೊಳೆಯಬಾರದಿದ್ದ ಬಟ್ಟೆ

ನಮ್ಮೂರಲ್ಲಿ ಒಗೆದ ಬಟ್ಟೆ ಒಣಗುವಷ್ಟರಲ್ಲಿ ಮತ್ತೆ ಕೊಳೆಯಾಗುತ್ತದೆ. ಟ್ಯುನೀಷಿಯಾದ ಈ ಕಡಲತೀರಕ್ಕೆ ಗೊಬ್ಬರದ ಕಾರ್ಖಾನೆ ಬಂದಮೇಲೆ ತಾರಸಿಗೆ ಹೋದರೆ ಕಾಲಿಗೆ ಬೂದು ಪುಡಿ ಅಂಟುತ್ತದೆ. ನನ್ನ ಮೊಮ್ಮಗಳು ಸಿರಿನ್‌ಗೆ ಆರು ವರ್ಷ. ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಗೊರಗೊರ ಅನ್ನುತ್ತದೆ. ಕೇಳಿದರೆ ಪುರಸಭೆಯವರು ಕಡಲ ಗಾಳಿಯ ಥಂಡಿ ಅನ್ನುತ್ತಾರೆ. ನನ್ನಜ್ಜಿ ಇದೇ ಗಾಳಿಯಲ್ಲಿ ತೊಂಬತ್ತು ವರ್ಷ ಬಾಳಿದಳು.

ಪಕ್ಕದ ಮನೆಯ ವಿದಾದ್ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಒಂದು ದಿನ ಬಿಳಿ ಬಟ್ಟೆ ಹಿಡಿದು ಬಂದಳು. ಅಂಚಿನಲ್ಲಿ ನಮ್ಮ ಬೀದಿಯ ಹೆಸರು ಹೊಲಿದಿತ್ತು.

"ಮೊಂಜಿಯಾ ಚಿಕ್ಕಮ್ಮ, ಇದನ್ನ ನಲವತ್ತು ದಿನ ತಾರಸಿ ಮೇಲೆ ನೇತುಹಾಕಿ. ನಾನೂ ನನ್ನ ಗೆಳತೀನೂ ಸೇರಿ ನಲವತ್ತು ಬೀದಿಗೆ ಒಂದೊಂದು ಕೊಡ್ತಿದೀವಿ. ಆಮೇಲೆ ಹಳೇ ಮೀನು ಮಾರ್ಕೆಟ್ಟಲ್ಲಿ ಪ್ರದರ್ಶನ."

"ಕೊಳೆ ಬಟ್ಟೆ ನೋಡೋಕೆ ಯಾರು ಬರ್ತಾರೆ? ನಿನ್ನ ಗೆಳತಿ ಕಲಾವಿದೆ ಅಲ್ವಾ, ಚಿತ್ರ ಬರಿಯೋಕೆ ಬರಲ್ವಾ ಅವಳಿಗೆ?"

"ಈ ಸಲ ಹೊಗೇನೇ ಬರೀಲಿ ಅಂತಾಳೆ. ಅವಳು ಬಟ್ಟೆ ತೂಗುಹಾಕ್ತಾಳೆ. ನಾನು ಜನರೆದುರೇ ತುಂಡು ಕತ್ತರಿಸಿ ಪರೀಕ್ಷೆ ಮಾಡಿ, ಪುಡೀಲಿ ಏನಿದೆ, ಆ ಬೀದೀಲಿ ಎಷ್ಟು ಮಕ್ಕಳಿಗೆ ಉಬ್ಬಸ ಅಂತ ಚೀಟಿ ಬರೆದು ಅಂಟಿಸ್ತೀನಿ. ರಾಜಧಾನಿಯಿಂದ ಅಧಿಕಾರಿಗಳು ಬರ್ತಾರೆ. ಚಿಮಣಿಗೆ ಫಿಲ್ಟರ್ ಹಾಕಿಸ್ಬೇಕು ಅಂದ್ರೆ ಸಾಕ್ಷಿ ಬೇಕು. ಒಂದೇ ಮಾತು ಚಿಕ್ಕಮ್ಮ, ತೊಳೀಬೇಡಿ."

"ಆಯ್ತು ತಾಯಿ" ಅಂದೆ.

ನಲವತ್ತನೇ ದಿನ ಬಟ್ಟೆ ಇಳಿಸಿ ಬಿಡಿಸಿ ನೋಡಿದೆ. ಥೇಟ್ ಮಸಿಬಟ್ಟೆ. ನನ್ನ ಮನೆಯ ಚೊಕ್ಕತನಕ್ಕೆ ಇಡೀ ಓಣಿಯಲ್ಲಿ ಹೆಸರಿದೆ. ಊರ ಮುಂದೆ ಮಾನ ಹರಾಜು ಹಾಕಿಕೊಳ್ಳಲೇ? ಹಸಿರು ಸಾಬೂನು ಹಚ್ಚಿ ಮೂರು ಸಲ ತಿಕ್ಕಿದೆ. ಒಳಕೋಣೆಯಲ್ಲಿ ಒಣಗಿಸಿ, ಪ್ರದರ್ಶನದ ಬೆಳಿಗ್ಗೆ ಸೊಸೆಯ ಕೈಲಿ ಚೀಲದಲ್ಲಿ ಕಳಿಸಿದೆ. ಅಲ್ಲಿಯ ಗಡಿಬಿಡಿಯಲ್ಲಿ ಯಾರೋ ಅದನ್ನು ಹಾಗೇ ಏರಿಸಿಬಿಟ್ಟರು.

ಹೋಗಿ ನೋಡುತ್ತೇನೆ, ಮೂವತ್ತೊಂಬತ್ತು ಬಟ್ಟೆ ಬೂದಿ ಬಣ್ಣ. ನಡುವೆ ನನ್ನದೊಂದು ಹಾಲಿನಷ್ಟು ಬಿಳಿ. ನಿಜ ಹೇಳುತ್ತೇನೆ, ಒಂದು ಗಳಿಗೆ ನನಗೆ ಹೆಮ್ಮೆಯಾಯಿತು.

ಅಷ್ಟರಲ್ಲಿ ಕಾರ್ಖಾನೆಯ ಸೂಟಿನವನೊಬ್ಬ ಅಧಿಕಾರಿಯನ್ನು ನನ್ನ ಬಟ್ಟೆಯ ಮುಂದೆ ತಂದು ನಿಲ್ಲಿಸಿದ.

"ನೋಡಿ ಸಾರ್, ಚಿಮಣಿಗೆ ಎಲ್ಲಕ್ಕಿಂತ ಹತ್ತಿರದ ಬೀದಿ ಇದು. ಹೊಗೆ ಬಿದ್ದಿದ್ರೆ ಮೊದಲು ಇದೇ ಕಪ್ಪಾಗ್ಬೇಕಿತ್ತಲ್ಲ? ಉಳಿದ ಹೆಂಗಸರಿಗೆ ಮನೆ ಚೊಕ್ಕಟ ಇಟ್ಕೊಳ್ಳೋಕೆ ಬರಲ್ಲ, ಅಷ್ಟೆ."

ಅಧಿಕಾರಿ ತಲೆಯಾಡಿಸಿ ಫೋಟೋ ತೆಗೆಯಲು ಫೋನ್ ಎತ್ತಿದ. ಪಕ್ಕದಲ್ಲಿ ಸಿರಿನ್ ನನ್ನ ಕೈ ಹಿಡಿದು ಕೆಮ್ಮುತ್ತಿದ್ದಳು. ಆ ಸೂಟಿನವನ ಮೇಲೆ ಎಷ್ಟು ಸಿಟ್ಟೋ ನನ್ನ ಮೇಲೆ ಅದರ ಎರಡರಷ್ಟು. ಅವನು ತಿಪ್ಪೆ ಸಾರಿಸುತ್ತಿದ್ದ, ಸಗಣಿ ಕಲಸಿ ಕೊಟ್ಟವಳು ನಾನೇ.

"ಅದನ್ನ ತೊಳೆದವಳು ನಾನು" ಅಂದೆ. ಮಾರ್ಕೆಟ್ಟಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. "ಮೂರು ಸಲ ತಿಕ್ಕಿದೀನಿ. ನಿಮ್ಮ ಹೊಗೆಗೆ ನಾನು ನಾಚ್ಕೊಂಡೆ, ನನ್ನ ಬುದ್ಧಿಗಿಷ್ಟು. ಈ ಮಗು ಎದೆಗೆ ಕಿವಿ ಇಟ್ಟು ಕೇಳಪ್ಪಾ. ಅದನ್ನ ತೊಳೆಯೋ ಸಾಬೂನು ನಿನ್ನ ಕಾರ್ಖಾನೇಲಿ ಮಾಡ್ತಾರಾ?"

"ಅಜ್ಜಿಗೆ ವಯಸ್ಸಾಗಿದೆ" ಎಂದು ಅವನು ನಕ್ಕ. ಬೇರೆ ಯಾರೂ ನಗಲಿಲ್ಲ. ಅಧಿಕಾರಿ ಫೋನ್ ಕೆಳಗಿಳಿಸಿದ.

ವಿದಾದ್ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ತೊಳೆದ ಬಟ್ಟೆ ಸಾಕ್ಷಿ ಆಗಲ್ಲ ಚಿಕ್ಕಮ್ಮ. ನಮ್ಮ ಬೀದಿ ವರದೀಲಿ ಇರಲ್ಲ" ಅಂದಳು ಅಷ್ಟೆ.

ಹಾಗೇ ಆಯಿತು. ಮೂವತ್ತೊಂಬತ್ತು ಬೀದಿಗಳಿಗೆ ಸರಕಾರದ ತನಿಖೆಯವರು, ಡಾಕ್ಟರು ಬಂದು ಹೋದರು. ಚಿಮಣಿಯ ಬುಡದಲ್ಲಿರುವ ನಮ್ಮ ಬೀದಿಗೆ ಯಾರೂ ಬರಲಿಲ್ಲ. ಈಗ ತಾರಸಿಯಲ್ಲಿ ಹೊಸ ಬಟ್ಟೆ ಹಾಕಿದ್ದೇವೆ. ಮಗ, ಸೊಸೆ ಇಬ್ಬರೂ ಕಾಯುತ್ತಾರೆ, ಮುಖ್ಯವಾಗಿ ನನ್ನನ್ನು. ಇವತ್ತಿಗೆ ಇಪ್ಪತ್ತೆರಡು ದಿನ. ಸಿರಿನ್ ಇನ್ನೂ ಕೆಮ್ಮುತ್ತಿದ್ದಾಳೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮೂರಲ್ಲೂ ಇಂಥ ಪ್ರದರ್ಶನ ನಡೆದರೆ ಓದಿದವರ ಆಟ ಎಂದು ಮೂಗು ಮುರಿಯಬೇಡಿ. ಮಕ್ಕಳನ್ನು ಕರೆದುಕೊಂಡು ಹೋಗಿ. ನೋಡಿ, ಚೀಟಿ ಓದಿಸಿಕೊಳ್ಳಿ, ತಿಳಿಯದಿದ್ದರೆ ಕೇಳಿ. ಪರೀಕ್ಷೆಗೆ ಬಾವಿಯ ನೀರು ಕೇಳಿದರೆ ಸೋಸದೆ ಕೊಡಿ, ಬಟ್ಟೆ ಕೇಳಿದರೆ ತೊಳೆಯದೆ ಕೊಡಿ. ನೆರೆಹೊರೆಯವರು ಏನೆಂದಾರು ಎಂದು ನಾಚಬೇಡಿ. ನಾಚಬೇಕಾದವರು ಸೂಟು ಹಾಕಿಕೊಂಡು ನಗುತ್ತಿದ್ದಾರೆ.