ಚೆಂಡು ಜೋಡಿಸುವ ಭಾವ

ಪೂಲ್ ಮೇಜಿನ ಮೇಲೆ ಚೆಂಡು ಜೋಡಿಸಲು ಅವರು ಬಗ್ಗುವ ರೀತಿಯನ್ನು ಒಮ್ಮೆ ಕಂಡವರು ಮರೆಯಲಾರರು. ಮೊದಲು ಕೈಗಡಿಯಾರವನ್ನು ಬಿಚ್ಚಿ ಕಂದು ಕೋಟಿನ ಒಳಜೇಬಿಗೆ ಸೇರಿಸುವುದು, ಆಮೇಲೆ ಹೊರಜೇಬಿನಿಂದ ಮೆತ್ತನೆಯ ಬಟ್ಟೆಯ ತುಂಡೊಂದನ್ನು ತೆಗೆದು ಒಂದೊಂದೇ ಚೆಂಡನ್ನು ಒರೆಸುವುದು, ಮರದ ತ್ರಿಕೋನದೊಳಗೆ ಅವನ್ನೆಲ್ಲ ತುಂಬಿ, ಹಿಂದಿನ ಸಾಲನ್ನು ಬೆರಳುಗಳಿಂದ ಒತ್ತಿ, ತುದಿಯ ಚೆಂಡನ್ನು ಮೇಜಿನ ಚುಕ್ಕೆಯ ಮೇಲೆ ಕೂರಿಸುವುದು, ಕೊನೆಗೆ ಒಂದು ಕಣ್ಣು ಮುಚ್ಚಿ, ಕೆನ್ನೆ ಹಸಿರು ಬಟ್ಟೆಗೆ ತಾಗುವಷ್ಟು ಬಾಗಿ, ಚೆಂಡು ಚೆಂಡಿನ ನಡುವೆ ಬೆಳಕೇನಾದರೂ ನುಸುಳುತ್ತಿದೆಯೇ ಎಂದು ಪರೀಕ್ಷಿಸುವುದು. ಅಷ್ಟು ಹೊತ್ತೂ ಅವರ ಹಿಂಭಾಗ ದಾರಿಗೆ ಅಡ್ಡವಾಗಿರುವುದರಿಂದ ಟೀ ತಂದವನು ತಟ್ಟೆ ಹಿಡಿದುಕೊಂಡು ಕಾಯಬೇಕು. ಬೆಳಕು ನುಸುಳಿತೋ, ಮತ್ತೆ ಮೊದಲಿನಿಂದ ಶುರು. ಯಾರಾದರೂ ಗೊಣಗಿದರೆ ತಲೆ ಎತ್ತದೆ ಎಡಗೈ ಮಾತ್ರ ಎತ್ತಿ, "ಒಂದ್ನಿಮಿಷ" ಎನ್ನುತ್ತಾರೆ. ಆ ನಿಮಿಷಕ್ಕೆ ಕೊನೆಯೆಂಬುದು ಇಲ್ಲವಾದ್ದರಿಂದ ಅಂಗಡಿಬೀದಿಯಲ್ಲಿ ಅವರ ಹೆಸರೇ ಒಂದ್ನಿಮಿಷದವರು ಎಂದಾಗಿದೆ.

ಬೀದಿಯವರು ನಕ್ಕು ಸುಮ್ಮನಾಗಬಹುದು. ಮೂಲೆಯ ಅಂಗಡಿಯ ದರ್ಜಿಗೆ ಆ ಸೌಭಾಗ್ಯವಿಲ್ಲ. ಅವನ ಸ್ವಂತ ಅಕ್ಕನ ಗಂಡ ಅವರು. ಹೊಲಿಸಿಕೊಂಡ ಅಂಗಿಯ ಮೂರನೆಯ ಕಾಜ ನೂಲಿನಷ್ಟು ಕೆಳಗಿಳಿದಿದೆಯೆಂದು ಗಿರಾಕಿಗಳ ಎದುರಿನಲ್ಲೇ ಬಿಡಿಸಿ ತೋರಿಸಿದ ಭಾವ, ಹಬೆಯಾಡುವ ಇಸ್ತ್ರಿಪೆಟ್ಟಿಗೆಗಿಂತ ಹೆಚ್ಚು ಅವನ ತಲೆಯನ್ನು ಕಾಯಿಸಿದ್ದಾರೆ. ಅವರ ಕಸುಬು ಫೋಟೋಗಳಿಗೆ ಕಟ್ಟು ಹಾಕುವುದು. ಊರಿನ ಗೋಡೆಗಳ ತುಂಬ ಅವರು ಕಟ್ಟು ಹಾಕಿದ ಚಿತ್ರಗಳಿವೆ. ಅವರದೇ ಮದುವೆಯ ಫೋಟೋ ಮಾತ್ರ ಇಷ್ಟು ವರ್ಷವಾದರೂ ಬೀರುವಿನ ಹಿಂದೆ ನೆಲದ ಮೇಲೆ ಒರಗಿ ಕೂತಿದೆ. ಕಾರಣ, ಮನೆಯ ಗೋಡೆ ಸರಿಯಾಗಿಲ್ಲ. "ಸೊಟ್ಟ ಗೋಡೆ ಮೇಲೆ ನೇರವಾಗಿ ಹಾಕಿದ್ರೆ ಫೋಟೋನೇ ಸೊಟ್ಟ ಕಾಣತ್ತೆ," ಎಂಬುದು ಅವರ ವಾದ. ಅಕ್ಕ ಮೊದಮೊದಲು ಜಗಳವಾಡಿ, ಈಗ ಗುಡಿಸುವಾಗ ಆ ಫೋಟೋವನ್ನು ಆಚೆ ಸರಿಸಿ, ಗುಡಿಸಿ, ಮತ್ತೆ ಒಳಗೆ ತಳ್ಳುತ್ತಾಳೆ.

ಇಂಥವರು ಪೂಲ್ ಆಡುತ್ತಾರೆಯೇ ಎಂದರೆ, ಆಡುವುದಿಲ್ಲ. ಕೋಲು ಹಿಡಿದರೆ ಗುರಿ ನೋಡುವಷ್ಟರಲ್ಲಿ ಸಂಜೆಯಾಗುತ್ತದೆ. ಅವರಿಗೆ ಬೇಕಾದದ್ದು ಜೋಡಿಸುವ ಕೆಲಸವೊಂದೇ. ಆ ಆಟದ ಮನೆಯಲ್ಲಿ ಪದ್ಧತಿ ಹೀಗಿತ್ತು: ಮೊದಲ ಹೊಡೆತ ಹೊಡೆದು ಚೆಂಡುಗಳನ್ನು ಚದುರಿಸುವವರು ಒಂದು ಪಕ್ಷ, ಅವನ್ನು ಜೋಡಿಸಿಕೊಡುವವರು ಎದುರು ಪಕ್ಷ. ಜೋಡಿಸುವವನು ತುದಿಯ ಚೆಂಡಿನ ಹಿಂದೆ ಕೂದಲೆಳೆಯಷ್ಟು ಸಂದು ಬಿಟ್ಟರೆ ಸಾಕು, ಎಷ್ಟೇ ಬಲವಾಗಿ ಹೊಡೆದರೂ ಗುಂಪು ಒಡೆಯದೆ, ನಿದ್ದೆಗಣ್ಣಿನಲ್ಲಿ ಮಗ್ಗುಲು ಬದಲಿಸಿದಂತೆ ಅಲ್ಲಲ್ಲೇ ಕದಲಿ ನಿಂತುಬಿಡುತ್ತದೆ. ಎಲ್ಲರೂ ಹೀಗೆ ಮಾಡುವವರೇ. ಸಿಕ್ಕಿಬಿದ್ದರೆ "ಅಯ್ಯೋ, ಜರುಗಿಬಿಡ್ತು ನೋಡಿ" ಎಂದು ಹಲ್ಲುಕಿರಿಯುವವರೇ. ನಮ್ಮ ಒಂದ್ನಿಮಿಷದವರು ಮಾತ್ರ ಎದುರಾಳಿಗೂ ತಮ್ಮವರಿಗೆ ಜೋಡಿಸಿದಷ್ಟೇ ಬಿಗಿಯಾಗಿ ಜೋಡಿಸುತ್ತಿದ್ದರು. ಎದುರಾಳಿಗೆ ಇನ್ನೂ ಒಂದು ಕೈ ಮೇಲೆಯೇ ಎಂದು ದರ್ಜಿಯ ಗುಮಾನಿ.

ಆ ಮನೆಯಲ್ಲಿದ್ದದ್ದು ಎರಡು ಮೇಜು. ಕಿಟಕಿಯ ಪಕ್ಕದ್ದು ಮಟ್ಟಸವಾದದ್ದು. ಮೆಟ್ಟಿಲ ಪಕ್ಕದ್ದು ಕಾಲು ಕುಂಟುವಂಥದ್ದು, ಚೆಂಡು ತನ್ನಿಷ್ಟದಂತೆ ತಿರುಗುತ್ತದೆ. ಭಾನುವಾರ ಅಂಗಡಿಬೀದಿಯವರಿಗೂ ರಜೆ, ಬಸ್ ಡಿಪೋದವರಿಗೂ ರಜೆ, ಇಬ್ಬರಿಗೂ ಕಿಟಕಿಯ ಮೇಜೇ ಬೇಕು. ವಾರವಾರದ ಕಿತ್ತಾಟದಿಂದ ರೋಸಿಹೋದ ಮಾಲೀಕ, "ಒಂದು ಪಂದ್ಯ ಆಡ್ಕೊಳ್ಳಿ. ಗೆದ್ದವರಿಗೆ ವರ್ಷಪೂರ್ತಿ ಭಾನುವಾರ. ಸೋತವರು ಆ ದಿನ ಈ ಕಡೆ ತಲೆ ಹಾಕ್ಬಾರ್ದು," ಎಂದುಬಿಟ್ಟ. ವಾರವೆಲ್ಲ ಬೇರೆಯವರ ಅಳತೆಗೆ ತಲೆಬಾಗುವ ದರ್ಜಿಗೆ ತನ್ನ ಅಳತೆಯಲ್ಲಿ ಬದುಕಲು ಇದ್ದದ್ದು ಆ ಒಂದು ದಿನ, ಆ ಒಂದು ಮೇಜು.

ಪಂದ್ಯ ಸಮಸಮವಾಗಿ ಕೊನೆಯ ಆಟಕ್ಕೆ ಬಂದು ನಿಂತಿತು. ಹೊಡೆತ ಡಿಪೋದ ಮೆಕ್ಯಾನಿಕ್‌ನದು. ಬಸ್ಸಿನ ಚಕ್ರವನ್ನು ಒಬ್ಬನೇ ಬಿಚ್ಚುವ ತೋಳು. ಜೋಡಣೆ ಭಾವನವರದು. ದರ್ಜಿ ಅವರ ಕೋಟಿನ ತುದಿ ಹಿಡಿದೆಳೆದು ಪಿಸುಗುಟ್ಟಿದ: "ಭಾವ, ನಿಮ್ಮ ಕಾಲಿಗೆ ಬೀಳ್ತೀನಿ. ಮೋಸ ಮಾಡಿ ಅಂತ ಹೇಳ್ತಿಲ್ಲ. ಸುಮ್ನೆ ಬೇಗ ಇಟ್ಟು ಬಂದ್ಬಿಡಿ."

"ಬೇಗ ಇಟ್ರೆ ಸಂದು ಉಳಿಯತ್ತಲ್ಲೋ."

"ಉಳೀಲಿ ಬಿಡಿ!"

ಅವರು ಅವನನ್ನು, ಗೆದ್ದಲು ಹಿಡಿದ ಕಟ್ಟಿಗೆಯನ್ನು ನೋಡುವಂತೆ ನೋಡಿ, ಗಡಿಯಾರ ಬಿಚ್ಚತೊಡಗಿದರು. ಅಂದು ಅವರು ತೆಗೆದುಕೊಂಡ ಹೊತ್ತನ್ನು ನೆನೆದರೆ ದರ್ಜಿಗೆ ಈಗಲೂ ಮೈ ಉರಿಯುತ್ತದೆ. ಒರೆಸಿದರು, ಒತ್ತಿದರು, ಬಾಗಿದರು, ತ್ರಿಕೋನ ಎತ್ತಿದರು, ಮತ್ತೆ ಇಟ್ಟರು. ಅತ್ತ ಮೆಕ್ಯಾನಿಕ್‌ನ ಮುಖದಲ್ಲಿ ಸಂಶಯ ಏರತೊಡಗಿತು: ಇಷ್ಟು ಹೊತ್ತು ಹಿಡಿಯುತ್ತದೆಯೆಂದರೆ ಇದು ಯಾವುದೋ ದೊಡ್ಡ ಕೈಚಳಕವೇ ಸರಿ! ಕೊನೆಗೂ ಭಾವ ತ್ರಿಕೋನವನ್ನೆತ್ತಿದ್ದೇ ತಡ, ಇಲ್ಲದ ಸಂದನ್ನು ತಪ್ಪಿಸಲು ಅವನು ಹೊಡೆಯುವ ಬಿಳಿ ಚೆಂಡನ್ನು ಪಕ್ಕಕ್ಕೆ ಸರಿಸಿ, ಓರೆಯಾಗಿ, ರೊಚ್ಚಿನಿಂದ ಬೀಸಿದ. ಬಿಳಿ ಚೆಂಡು ಗುಂಪಿನ ಅಂಚಿಗೆ ಬಡಿದು ಅದನ್ನು ಚದುರಿಸಿ, ನೇರ ಮೂಲೆಯ ಗುಳಿಗೆ ಹೋಗಿ ಬಿತ್ತು. ಬಿಳಿ ಚೆಂಡು ಬಿದ್ದರೆ ಹೊಡೆತ ತಪ್ಪಿದಂತೆ; ಇನ್ನು ಅದನ್ನು ಬೇಕಾದ ಕಡೆ ಇಟ್ಟು ಹೊಡೆಯುವ ಹಕ್ಕು ಅಂಗಡಿಬೀದಿಯ ಪರ ಆಡುತ್ತಿದ್ದ ದರ್ಜಿಯದು. ಚೆಂಡುಗಳು ಗುಳಿಗಳ ಬಾಯಲ್ಲೇ ನಿಂತಿದ್ದವು. ಅಂಗಡಿಬೀದಿಯವರು ಕುಣಿದಾಡಿದರು. ಪ್ರಾಮಾಣಿಕತೆಯೂ ಒಮ್ಮೊಮ್ಮೆ ಇಷ್ಟು ಚೆನ್ನಾಗಿ ಮೋಸ ಮಾಡುತ್ತದಲ್ಲಾ ಎಂದು ದರ್ಜಿಗೆ ಭಾವನ ಮೇಲೆ ಜೀವಮಾನದಲ್ಲೇ ಮೊದಲ ಬಾರಿ ಪ್ರೀತಿ ಉಕ್ಕಿತು. ಕೋಲಿನ ತುದಿಗೆ ಸೀಮೆಸುಣ್ಣ ಉಜ್ಜಿ ಅವನು ಬಾಗಿದ.

"ಒಂದ್ನಿಮಿಷ."

ಎಡಗೈ ಮೇಲಿತ್ತು.

"ನಾನು ತ್ರಿಕೋನ ಎತ್ತುವಾಗ ಹಿಂದಿನ ಸಾಲಿನ ಮೂಲೆ ಚೆಂಡು ಒಂಚೂರು ಜರುಗಿತ್ತು. ಹೇಳೋಷ್ಟರಲ್ಲಿ ಇವರು ಹೊಡೆದುಬಿಟ್ರು. ಜೋಡಣೆ ಸರಿ ಇರ್ಲಿಲ್ಲ, ಹೊಡೆತ ಲೆಕ್ಕಕ್ಕಿಲ್ಲ."

ಯಾರೂ ಕೇಳಿರಲಿಲ್ಲ. ಯಾರೂ ಕಂಡಿರಲಿಲ್ಲ. ಬಿಳಿ ಚೆಂಡು ಗುಳಿಗೆ ಬಿದ್ದದ್ದಕ್ಕೂ ಆ ಮೂಲೆಯ ಚೆಂಡಿಗೂ ಯಾವ ಸಂಬಂಧವೂ ಇರಲಿಲ್ಲ. ಸ್ವತಃ ಮೆಕ್ಯಾನಿಕ್ಕೇ, "ಅಯ್ಯೋ ಬಿಡಿ ಸಾರ್, ತಪ್ಪು ನಂದೇ," ಎಂದ. ಆದರೆ ಅಷ್ಟರಲ್ಲಿ ಒಂದ್ನಿಮಿಷದವರು ಎರಡೂ ಕೈಗಳಿಂದ ಚೆಂಡುಗಳನ್ನು ಬಾಚತೊಡಗಿದ್ದರು. ಗುಳಿಯ ಬಾಯಲ್ಲಿದ್ದ ಒಂದೊಂದು ಚೆಂಡೂ ಹಿಂದೆ ಹೋಗುವುದನ್ನು ದರ್ಜಿ ಬಾಗಿದ ಭಂಗಿಯಲ್ಲೇ ನೋಡಿದ. ಮರುಜೋಡಣೆ ಕಲ್ಲಿನಲ್ಲಿ ಕೆತ್ತಿದಂತಿತ್ತು. ಸಂಶಯ ಕಳೆದ ಮೆಕ್ಯಾನಿಕ್ ಈ ಸಲ ನೆಟ್ಟಗೆ ನಿಂತು ಹೊಡೆದ. ಗುಂಪು ಸಿಡಿದು ಮೇಜಿನ ತುಂಬ ಚೆಲ್ಲಿತು. ತಪ್ಪದೆ ಒಂದೊಂದನ್ನೇ ಗುಳಿಗಿಳಿಸಿ ಅವನೇ ಆಟ ಮುಗಿಸಿದ. ದರ್ಜಿಗೆ ಕೋಲು ಎತ್ತುವ ಸರದಿಯೇ ಬರಲಿಲ್ಲ.

ಅವನು ಭಾವನೊಡನೆ ಮಾತು ಬಿಟ್ಟ. ಮುಂದಿನ ಭಾನುವಾರ ಹೊತ್ತು ಹೋಗದೆ ಅಕ್ಕನ ಮನೆಗೆ ಹೋದರೆ, ಭಾವ ಬಾಗಿಲಲ್ಲೇ ಕೋಟು ತೊಡುತ್ತಿದ್ದಾರೆ.

"ಎಲ್ಲಿಗಂತೆ ಸವಾರಿ?" ಎಂದು ಅಕ್ಕನನ್ನು ಕೇಳಿದ.

"ಡಿಪೋದವರು ಹೇಳಿಕಳ್ಸಿದಾರೆ ಕಣೋ. ಅವರವರಲ್ಲೇ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇಲ್ವಂತೆ. ಚೆಂಡು ಜೋಡಿಸೋಕೆ ಇವರೇ ಬೇಕಂತೆ."

ದರ್ಜಿಯ ಭಾನುವಾರವನ್ನು ಕಳೆದವರೇ ಆ ಭಾನುವಾರಕ್ಕೆ ಆಹ್ವಾನಿತರು! "ಹೋಗ್ತೀರಾ ಭಾವ? ನಾಚಿಕೆ ಆಗಲ್ವಾ?" ಎಂದು ಕೂಗಿದ.

ಅವರು ಗಡಿಯಾರ ಕಟ್ಟಿದ್ದನ್ನು ಸರಿಪಡಿಸುತ್ತ, "ನಾಚಿಕೆ ಯಾಕೆ? ಕರೆದಿರೋದು ಜೋಡ್ಸೋಕೆ ತಾನೇ," ಎಂದು, ಪ್ರತಿ ಹೆಜ್ಜೆಗೂ ನೆಲದ ಮಟ್ಟ ನೋಡುವ ತಮ್ಮ ಎಂದಿನ ನಡಿಗೆಯಲ್ಲಿ ಹೊರಟುಹೋದರು.

ಈಗ ದರ್ಜಿ ಬಿಡುವಾದ ಸಂಜೆ ಮೆಟ್ಟಿಲ ಪಕ್ಕದ ಕುಂಟು ಮೇಜಿನಲ್ಲಿ ಪಾತ್ರೆ ಅಂಗಡಿಯವನೊಡನೆ ಆಡುತ್ತಾನೆ. ಆ ಪಾತ್ರೆಯವನು ಒಂದೇ ಕೈಯಲ್ಲಿ, ಫೋನಿನಲ್ಲಿ ಮಾತಾಡುತ್ತಲೇ, ಕ್ಷಣದಲ್ಲಿ ಚೆಂಡು ಜೋಡಿಸಿ ಎಸೆಯುತ್ತಾನೆ. ಕಾಯುವ ಕಾಟವಿಲ್ಲ, ಎಡಗೈ ಏಳುವ ಭಯವಿಲ್ಲ. ದರ್ಜಿ ಗೆದ್ದರೆ ಪಾತ್ರೆ ಅಂಗಡಿಯವನು, "ಜೋಡಣೆ ನಿನ್ನ ಕಡೆ ಇತ್ತು ಬಿಡು," ಎನ್ನುತ್ತಾನೆ. ಸೋತರೆ ದರ್ಜಿ ಅದನ್ನೇ ತಿರುಗಿಸಿ ಹೇಳುತ್ತಾನೆ. ಆಡಿ ಮುಗಿಸಿ ಮನೆಗೆ ಹೋಗುವಾಗ ಕೈಯಲ್ಲಿ ಗೆಲುವೂ ಇರುವುದಿಲ್ಲ, ಸೋಲೂ ಇರುವುದಿಲ್ಲ.

ಇಂಥ ಮನುಷ್ಯರನ್ನು ಊರು ಹೊಗಳುತ್ತದೆ, ಏಕೆಂದರೆ ಊರು ಅವರ ಪಕ್ಷದಲ್ಲಿ ಆಡುವುದಿಲ್ಲ. ಅವರ ನ್ಯಾಯದ ದಂಡವನ್ನು ತೆರುವವರು ಹೆಂಡತಿ, ಭಾವಮೈದುನ, ಬೀರುವಿನ ಹಿಂದಿನ ಮದುವೆಯ ಫೋಟೋ. ಅವರೊಡನೆ ಬಾಳುವವರಿಗೆ ಸಿಟ್ಟು ಬರುವುದು ಸಹಜ, ಬರಲೇಬೇಕು. ನೆಪಗಳ ಸಂದುಗಳನ್ನೆಲ್ಲ ಒತ್ತಿ ಮುಚ್ಚಿ, ಇನ್ನು ನೀನುಂಟು ನಿನ್ನ ಹೊಡೆತವುಂಟು ಎಂದು ಪಕ್ಕಕ್ಕೆ ಸರಿದು ನಿಲ್ಲುವವರನ್ನು ಯಾರು ತಾನೇ ಸಹಿಸಿಯಾರು? ಆದರೂ ಅವರು ಜೋಡಿಸಿಕೊಟ್ಟ ಮೇಜಿನಲ್ಲಿ ಸೋತವನ ಸೋಲು ಅವನ ಸ್ವಂತದ್ದು. ಅಷ್ಟು ಸ್ವಂತವಾದದ್ದು ದರ್ಜಿಗೆ ಆ ಭಾನುವಾರದ ನಂತರ ಮತ್ತೊಂದು ಸಿಕ್ಕಿಲ್ಲ.