ಅಲ್ಲಾಡುವ ತಳ

"ಉಳಿಯ ಮುಂದೆ ಕೈ ಇಡಬೇಡ ಅಂತ ಎಷ್ಟು ಸಲ ಹೇಳಲಿ? ಬೆರಳು ಹೋದ್ರೆ ಚಿಗುರಲ್ಲ," ಅಂದರು ಅಜ್ಜಿ.

ಅವಳು ಎಡಗೈ ಹಿಂದಕ್ಕೆಳೆದುಕೊಂಡಳು. ಮಂಡಿಗಳ ನಡುವೆ ಗೇಣುದ್ದದ ಹಸಿ ದಿಮ್ಮಿ. ಬೈರಿಗೆಯಿಂದ ಕೊರೆದ ತೂತನ್ನು ಬಾಗಿದ ಉಳಿಯಿಂದ ಅಗಲಿಸುತ್ತ ಹೋಗಬೇಕು, ಸುತ್ತಲ ಗೋಡೆ ಬೆರಳಿನ ದಪ್ಪ ಉಳಿಯುವವರೆಗೆ. ಮರ ಸೌತೆಕಾಯಿಯಂತೆ ಸಲೀಸಾಗಿ ಕತ್ತರಿಸಿಕೊಂಡು ಬರುತ್ತಿತ್ತು. ಒದ್ದೆ ಚಕ್ಕೆಗಳು ಅವಳ ಮಡಿಲಿಗೆ ಅಂಟಿಕೊಂಡಿದ್ದವು.

ಅಜ್ಜಿ ಅವಳ ಗಂಡನ ಮೊದಲ ಹೆಂಡತಿಯ ತಾಯಿ. ಅವರನ್ನು ಏನೆಂದು ಕರೆಯಬೇಕೋ ಮದುವೆಯಾಗಿ ಎಂಟು ತಿಂಗಳಾದರೂ ಅವಳಿಗೆ ತಿಳಿದಿರಲಿಲ್ಲ. ಗಂಡ 'ಅತ್ತೆ' ಅನ್ನುತ್ತಿದ್ದ, ಅವನ ಮಗಳು 'ಅಜ್ಜಿ' ಅನ್ನುತ್ತಿದ್ದಳು. ಇವಳು ಸಣ್ಣಗೆ ಕೆಮ್ಮಿ ಮಾತು ಶುರುಮಾಡುತ್ತಿದ್ದಳು.

ಈಗಲೂ ಕೆಮ್ಮಿದಳು.

"ಔಷಧಿ ಅಂಗಡೀಲಿ ಕೆಲಸ ಮಾಡ್ತೀಯ, ನಿನ್ನ ಕೆಮ್ಮಿಗೆ ಒಂದು ಸಿರಪ್ ಇಲ್ವೇನೇ ಅಲ್ಲಿ?"

"ಇಷ್ಟು ಸಾಕಾ ಅಂತ ಕೇಳೋಣ ಅಂತ..."

ಅಜ್ಜಿ ದಿಮ್ಮಿಯೊಳಗೆ ಹೆಬ್ಬೆರಳು ಆಡಿಸಿ ಹಿಂದಕ್ಕೆ ಕೊಟ್ಟರು. ಸಾಲದು ಎಂದು ಅರ್ಥ.

ಇದೆಲ್ಲ ಶುರುವಾದದ್ದು ಒಂದು ಬಕೆಟ್ ಸೋಪಿನ ನೀರಿನಿಂದ. ಹುಡುಗಿಯ ಬಳಿ ತೀರಿಕೊಂಡ ಅವಳ ಅಮ್ಮ ಮಾಡಿದ್ದ ಮರದ ಡಬ್ಬಿಯೊಂದಿತ್ತು. ಅದರಲ್ಲಿ ಗುಂಡಿಗಳು, ಕ್ಲಿಪ್ಪುಗಳು, ಮೊದಲು ಬಿದ್ದ ಹಲ್ಲು. ಎಣ್ಣೆ ಜಿಡ್ಡು ಹಿಡಿದಿದೆಯಲ್ಲ, ತೊಳೆದಿಟ್ಟರೆ ಖುಷಿಪಟ್ಟಾಳು ಎಂದುಕೊಂಡು ಇವಳು ಸಾಮಾನನ್ನೆಲ್ಲ ಕಾಗದದ ಮೇಲೆ ಜೋಡಿಸಿಟ್ಟು, ಡಬ್ಬಿಯನ್ನು ನೀರಿನಲ್ಲಿ ನೆನೆಹಾಕಿದ್ದಳು. ಆ ಮನೆಯಲ್ಲಿ ಹುಟ್ಟಿದ ಯಾರೂ ಹಾಗೆ ಮಾಡುತ್ತಿರಲಿಲ್ಲ. ತಳ ನೀರು ಕುಡಿದು ಉಬ್ಬಿತು. ಬಟ್ಟೆ ಒಗೆದು ಮುಗಿಸುವಷ್ಟರಲ್ಲಿ ಡಬ್ಬಿಯ ಗೋಡೆ ಮೇಲಿಂದ ಕೆಳಗಿನವರೆಗೆ ಸೀಳಿತ್ತು.

ಹುಡುಗಿ ಅಳಲಿಲ್ಲ. ಚೂರುಗಳನ್ನು ಆಯ್ದುಕೊಂಡು ಒಳಗೆ ಹೋದಳು. ಅಂದಿನಿಂದ ಅವಳ ಬಾಯಲ್ಲಿ ಒಂದೇ ಮಾತು. ಅನ್ನ ಹಾಕಲಾ? ಸಾಕು. ಜಡೆ ಹಾಕಲಾ? ಸಾಕು. "ಮಕ್ಕಳಲ್ವಾ, ಮರೀತಾಳೆ ಬಿಡು, ಪ್ಲಾಸ್ಟಿಕ್ಕಿಂದು ಒಂದು ತಂದ್ಕೊಡ್ತೀನಿ," ಅಂದ ಗಂಡ. ಅವನು ತಂದ ಡಬ್ಬಿ ಇನ್ನೂ ಅದರ ಕವರಿನಲ್ಲೇ ಇತ್ತು.

ಕೊನೆಗೆ ಅವಳೇ ಅಜ್ಜಿಯ ಬಾಗಿಲಿಗೆ ಬಂದು, ಕೆಮ್ಮಿ, ನಡೆದದ್ದನ್ನು ಹೇಳಿದ್ದಳು. ಅಜ್ಜಿ ಉಳಿ ಮಸೆಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು. ಆಮೇಲೆ, "ಭಾನುವಾರ ಬಾ. ಹಳೇ ಬಟ್ಟೆ ಹಾಕ್ಕೊಂಡು ಬಾ," ಅಂದರು.

ಅವಳು ಮಾಡಿದ ಮೊದಲ ಡಬ್ಬಿ ಒಂದು ವಾರವೂ ಬಾಳಲಿಲ್ಲ. ತಪ್ಪು ಅವಳದೇ. ಹಸಿ ಗೋಡೆಯ ಒಳಗೆ, ಬುಡದ ಹತ್ತಿರ, ಸುತ್ತಲೂ ಕಚ್ಚು ಕೊರೆದು, ಚೆನ್ನಾಗಿ ಒಣಗಿದ ಮರದ ಬಿಲ್ಲೆಯನ್ನು ಅದರಲ್ಲಿ ಸಡಿಲವಾಗಿ ಕೂರಿಸಬೇಕು. ಗೋಡೆ ಒಣಗುತ್ತ ಕುಗ್ಗಿ ತಾನಾಗಿ ಬಿಲ್ಲೆಯನ್ನು ಹಿಡಿದುಕೊಳ್ಳುತ್ತದೆ. ಅಂಟೂ ಬೇಡ, ಮೊಳೆಯೂ ಬೇಡ. ಆದರೆ ಮಾತ್ರೆಗಳನ್ನು ಎರಡೆರಡು ಸಲ ಎಣಿಸಿ ಕೊಡುವವಳು ಅವಳು. ಸಡಿಲ ಬಿಡಲು ಜೀವ ಒಪ್ಪದೆ ಅಳೆದು ಬಿಗಿಯಾಗಿ ಕೂರಿಸಿದ್ದಳು. ಕುಗ್ಗಲು ಜಾಗವಿಲ್ಲದ ಗೋಡೆ ಐದನೇ ದಿನ ಬಿರುಕು ಬಿಟ್ಟಿತು.

"ನಿಮಗೆ ಮೊದಲೇ ಗೊತ್ತಿತ್ತಾ?" ಎಂದು ಕೇಳಿದ್ದಳು.

"ಗೊತ್ತಿತ್ತು."

"ಹೇಳಬಾರದಿತ್ತಾ?"

"ಹೇಳಿದ್ದೆ. ಸಡಿಲ ಬಿಡು ಅಂದೆ. ನೀನು ಹೂಂ ಅಂದೆ."

ಈಗ ಮಾಡುತ್ತಿದ್ದುದು ಎರಡನೆಯದು. ಒಳಗನ್ನು ಹೆರೆಯುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಹುಡುಗಿ ನಿಂತಿದ್ದಳು. ಯಾರ ಮುಖವನ್ನೂ ನೋಡದೆ ಒಳಗೆ ಬಂದು, ಕರವಸ್ತ್ರದ ಗಂಟು ಬಿಚ್ಚಿ, ದುಂಡನೆಯ ಮರದ ಬಿಲ್ಲೆಯೊಂದನ್ನು ಬೆಂಚಿನ ಮೇಲಿಟ್ಟಳು. ಒಡೆದ ಡಬ್ಬಿಯ ತಳ.

"ಅಜ್ಜಿ, ಇದು ಆಗುತ್ತಾ?"

ಅಜ್ಜಿ ಅದನ್ನು ಕೆನ್ನೆಗೆ ಒತ್ತಿ ಹಿಡಿದರು. ಒದ್ದೆ ಮರ ಕೆನ್ನೆಗೆ ತಣ್ಣಗಿರುತ್ತದೆ. "ಒಣಗಿದೆ," ಅಂದರು. ಆಮೇಲೆ ಮಗುಚಿ, ಹಿಂಬದಿಯ ಚಾಕುವಿನ ಗೀರುಗಳ ಮೇಲೆ ಹೆಬ್ಬೆರಳು ಎಳೆದರು. "ಎಡಚಿ. ಎಲ್ಲಾ ಉಲ್ಟಾ ಕೆತ್ತೋಳು." ಮಗಳ ವಿಷಯ ಅವರು ಇವಳೆದುರು ಎತ್ತಿದ್ದು ಅದೇ ಮೊದಲು. "ಆಗುತ್ತೋ ಇಲ್ವೋ ನನ್ನ ಯಾಕೆ ಕೇಳ್ತೀಯ ಮರಿ? ಮಾಡೋಳು ಅವಳು."

ಹುಡುಗಿ ಅವಳ ಕಡೆ ತಿರುಗಿದಳು. "ನಿಮ್ಮ ಕೈಲಿ ಆಗುತ್ತಾ?"

ಆಗುತ್ತೆ ಎಂದುಬಿಡಬೇಕೆನಿಸಿತು. ಶೆಲ್ಫಿನ ಮೇಲೆ ಮೊದಲ ಡಬ್ಬಿ ಬಿರುಕು ಬಿಟ್ಟುಕೊಂಡು ಕೂತಿತ್ತು.

"ಗೊತ್ತಿಲ್ಲ. ಹೋದ ಸಲ ಕೆಟ್ಟಿತು. ಯಾಕೆ ಕೆಟ್ಟಿತು ಅಂತ ಮಾತ್ರ ಗೊತ್ತು."

ಹುಡುಗಿ ಬಿಲ್ಲೆಯನ್ನು ವಾಪಸ್ಸು ತೆಗೆದುಕೊಳ್ಳಲಿಲ್ಲ. ಸ್ಟೂಲು ಎಳೆದುಕೊಂಡು ಕಾವಲಿನವಳಂತೆ ಕೂತಳು.

ಇವಳು ಬಿಲ್ಲೆಯ ಅಳತೆ ಹಿಡಿದು ಕಚ್ಚು ಕೊರೆದಳು. ಬೆವರು ಕಣ್ಣಿಗಿಳಿಯಿತು.

"ಇನ್ನೂ," ಅಂದರು ಅಜ್ಜಿ.

"ಇಷ್ಟಕ್ಕೇ ಸಡಿಲ ಆಗಿದೆ."

"ಇನ್ನೂ."

ಎದೆ ಗಟ್ಟಿಮಾಡಿಕೊಂಡು ಇನ್ನೊಂದು ಸುತ್ತು ಹೆರೆದಳು. ಬುಡದಿಂದ ಒತ್ತಿದಾಗ ಬಿಲ್ಲೆ ಟಕ್ಕೆಂದು ಕಚ್ಚಿಗೆ ಸೇರಿತು. ಹುಡುಗಿ ಡಬ್ಬಿ ಎತ್ತಿ ಅಲ್ಲಾಡಿಸಿದಳು. ಲೊಟಲೊಟ.

"ಅಲ್ಲಾಡ್ತಿದೆ."

"ಅಲ್ಲಾಡಲಿ," ಅಂದಳು ಅವಳು.

ಮನೆಗೆ ತಂದ ಡಬ್ಬಿ ಅಡಿಗೆಮನೆಯ ಮೇಲಿನ ಹಲಗೆಯಲ್ಲಿ, ಬಿಸಿಲು ಗಾಳಿ ತಾಗದ ಮೂಲೆಯಲ್ಲಿ ಕೂತಿತು. ದಿನಾ ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮುಂಚೆ ಹುಡುಗಿ ಸ್ಟೂಲು ಹತ್ತಿ ಅದನ್ನು ಕಿವಿಯ ಬಳಿ ಅಲ್ಲಾಡಿಸಿ, ಮತ್ತೆ ಇಟ್ಟು ಹೋಗುತ್ತಿದ್ದಳು. ಇವಳು ಒಲೆಯ ಮುಂದೆ ಬೆನ್ನು ಮಾಡಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಲೊಟಲೊಟ. ಹತ್ತನೇ ದಿನ, ಲೊಟ್. ಹದಿನಾಲ್ಕನೇ ದಿನ ಡಬ್ಬಿಯ ಗೋಡೆಯಲ್ಲೊಂದು ಗೆರೆ ಕಂಡಿತು. ಹತ್ತಿರ ಹೋಗಿ ನೋಡಿದರೆ ಪೆನ್ಸಿಲಿನ ಗುರುತು.

ಹತ್ತೊಂಬತ್ತನೇ ಬೆಳಿಗ್ಗೆ ಸ್ಟೂಲು ಕಿರುಗುಟ್ಟಿತು. ಆಮೇಲೆ ಏನೂ ಕೇಳಿಸಲಿಲ್ಲ. ಹುಡುಗಿ ಇನ್ನೂ ಎತ್ತಿಕೊಂಡಿಲ್ಲವೇನೋ ಎಂದು ಅವಳು ಕಾದಳು. ಒಲೆಯ ಮೇಲೆ ಹಾಲು ಏರುತ್ತಿತ್ತು. ತಿರುಗಿ ನೋಡಲು ಭಯವಾಯಿತು.

ಸ್ಟೂಲಿನಿಂದ ಇಳಿದ ಸದ್ದು. ಪಕ್ಕದಲ್ಲಿ ಯಾರೋ ಬಂದು ನಿಂತರು. ಅವಳ ಕಿವಿಯ ಹತ್ತಿರ, ಮುಂಗಾಲಿನ ಮೇಲೆ ನಿಂತು ಕೈ ಮೇಲೆತ್ತಿ, ಹುಡುಗಿ ಡಬ್ಬಿಯನ್ನು ಜೋರಾಗಿ ಅಲ್ಲಾಡಿಸಿದಳು.

"ಕೇಳು," ಅಂದಳು.

ಅವಳು ಒಲೆ ಆರಿಸಿ, ತಲೆ ಬಗ್ಗಿಸಿ ಕೇಳಿದಳು. ಹುಡುಗಿ ಮತ್ತೊಮ್ಮೆ ಅಲ್ಲಾಡಿಸಿದಳು. ತಳ ಕದಲಲಿಲ್ಲ. ಆಮೇಲೆ ಜೇಬಿನಿಂದ ಒಂದು ಗುಂಡಿ ತೆಗೆದು ಡಬ್ಬಿಯೊಳಗೆ ಹಾಕಿದಳು.