ಶಾಂತಲಾ ಕಟಿಂಗು

ಇಟ್ಟಮಡುವಿನ ಶಾಂತಲಾ ಹೊಲಿದ ಬ್ಲೌಸು ಇಪ್ಪತ್ತೆರಡು ವರ್ಷಗಳಲ್ಲಿ ಒಂದೇ ಒಂದು ಸಲವೂ ವಾಪಸ್ ಬಂದಿರಲಿಲ್ಲ. ಸೂರ್ಯ ಬೇಕಾದರೆ ಒಂದು ದಿನ ತಡವಾಗಿ ಹುಟ್ಟಬಹುದು, ಬನಶಂಕರಿಯಲ್ಲಿ ಬಸ್ಸು ಹೇಳಿದ ಹೊತ್ತಿಗೇ ಬಂದರೂ ಬರಬಹುದು, ಆದರೆ ಶಾಂತಲಾಳ ಬ್ಲೌಸು ಕಂಕುಳಲ್ಲಿ ಹಿಡಿಯುತ್ತದೆ ಎಂದು ಯಾರೂ ಅವಳ ಬಾಗಿಲು ತಟ್ಟಿದ್ದಿಲ್ಲ. ಅವಳ ಕಣ್ಣೇ ಟೇಪು. ಓಡುವ ಬಸ್ಸಿನ ಕಿಟಕಿಯಲ್ಲಿ ಕೂತ ಹೆಂಗಸಿನ ಭುಜ ನೋಡಿ ಸೊಂಟದ ಸುತ್ತಳತೆ ಹೇಳುತ್ತಿದ್ದಳು. ಒಮ್ಮೆ ಫೋನಿನಲ್ಲಿ ಬರೀ ಕೆಮ್ಮು ಕೇಳಿಸಿಕೊಂಡು ‘ನಿಮಗೆ ಮೂವತ್ತೆಂಟು ಬೇಕು’ ಅಂದಳಂತೆ. ಆಮೇಲೆ ಅಳೆದು ನೋಡಿದರೆ ಮೂವತ್ತೆಂಟೇ. ನೂಲಿನೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಇಂಥ ಕೈಯ ಹೆಸರು ಲೋಕಕ್ಕೆಲ್ಲ ತಿಳಿಯಬೇಕು, ಅದಕ್ಕೆ ಆನ್‌ಲೈನಿನಲ್ಲಿ ಮಾರಬೇಕು ಎನ್ನುವಲ್ಲಿ ಮನೆಯವರೆಲ್ಲ ಒಂದಾಗಿದ್ದರು. ಮಾರುವುದು ಏನನ್ನು ಎಂಬಲ್ಲಿ ಮಾತ್ರ ಕುರುಕ್ಷೇತ್ರವಾಯಿತು.

ಗಂಡ ಭೀಮೇಶ್ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ ಮಾಡಿ ಮಾಡಿ ಕಬ್ಬಿಣದಂಥ ಅಭಿಪ್ರಾಯಗಳನ್ನು ಬೆಳೆಸಿಕೊಂಡಿದ್ದವನು.

“ಹೊಲಿದಿರೋ ಬ್ಲೌಸೇ ಮಾರು ಕಣೇ. ಕಾಲ ಮೇಲೆ ಬಿದ್ರೆ ನೋವಾಗ್ಬೇಕು, ಅದಕ್ಕೇ ಸಾಮಾನು ಅನ್ನೋದು.”

“ಬ್ಲೌಸ್ ಬಿದ್ರೆ ಯಾವ ನೋವಣ್ಣ?” ಎಂದಳು ಅವನ ತಂಗಿ ಶಾಲಿನಿ. ಗಿರಿನಗರದ ಶಾಲೆಯೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವವಳು.

“ಹುಕ್ಕು ಚುಚ್ಚುತ್ತೆ.”

ಶಾಲಿನಿ ಅಣ್ಣನನ್ನು ಬಿಟ್ಟು ಅತ್ತಿಗೆಯ ಕಡೆ ತಿರುಗಿದಳು. “ಅತ್ತಿಗೆ, ಬ್ಲೌಸು ಒಂದ್ಸಲ ಹೊಲಿದ್ರೆ ಒಬ್ರಿಗೆ. ನಿಮ್ಮ ಕಟಿಂಗನ್ನ ಫೈಲ್ ಮಾಡಿದ್ರೆ ಊರಿಗೆಲ್ಲ. ಮುಂಭಾಗ, ಹಿಂಭಾಗ, ತೋಳು, ಎಲ್ಲ ಅಳತೆ ಪ್ರಕಾರ ಗೆರೆ ಎಳೆದು ಹಾಕೋಣ. ತಗೊಂಡೋರು ಪ್ರಿಂಟ್ ಹಾಕಿಸಿ, ಹಾಳೆ ಅಂಟಿಸಿ, ಬಟ್ಟೆ ಮೇಲಿಟ್ಟು ಕತ್ತರಿಸ್ಕೊಳ್ತಾರೆ.”

ಶಾಂತಲಾ ಕತ್ತರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಕಟಿಂಗು ಕೊಡುವುದೆಂದರೇನು? ಹೊಲಿಗೆಯನ್ನು ಯಾರಿಗಾದರೂ ಹೇಳಿಕೊಡು, ಕತ್ತರಿಯನ್ನು ಹೊಟ್ಟೆಯ ಮಗಳಿಗೂ ಹೇಳಿಕೊಡಬೇಡ ಎನ್ನುವುದು ಟೈಲರ್‌ಗಳ ವೇದ. ಜಯನಗರದ ಗಂಗಯ್ಯ ಮೇಷ್ಟ್ರ ಅಂಗಡಿಯಲ್ಲಿ ಅವಳು ಆರು ವರ್ಷ ಗುಂಡಿ ಹೊಲಿದಳು. ಬಟ್ಟೆಗೆ ಕತ್ತರಿ ಹಾಕುವ ಹೊತ್ತಿಗೆ ಮೇಷ್ಟ್ರು ಬೆನ್ನು ತಿರುಗಿಸಿಬಿಡುತ್ತಿದ್ದರು. ಅವರ ಮುಖಕ್ಕಿಂತ ಬೆನ್ನೇ ಅವಳಿಗೆ ಚೆನ್ನಾಗಿ ಗೊತ್ತು. ಗೋಡೆಯ ಮೇಲೆ ಬೀಳುತ್ತಿದ್ದ ಕತ್ತರಿಯ ನೆರಳು ನೋಡಿ ಕಲಿತ ವಿದ್ಯೆ ಅದು. ಅದನ್ನು ಕಂಡಕಂಡವರ ಫೋನಿಗೆ ಕಳಿಸುವುದೇ?

“ಹೊಲಿದೇ ಕಳಿಸ್ತೀನಿ,” ಎಂದಳು. ಭೀಮೇಶ್ ತಂಗಿಯ ಕಡೆ ನೋಡಿದ ನೋಟದಲ್ಲಿ ಒಂದು ಸಾಮ್ರಾಜ್ಯ ಗೆದ್ದ ಠೀವಿಯಿತ್ತು.

ಹತ್ತು ಬ್ಲೌಸುಗಳು ಹೋದವು. ಹನ್ನೆರಡನೆಯ ದಿನ ಕೊರಿಯರ್‌ನ ನಂದಕುಮಾರ್ ಬಾಗಿಲಲ್ಲಿ ನಿಂತ.

“ಅಕ್ಕ, ರಿಟರ್ನ್.”

ಆ ಒಂದು ಮಾತಿಗೆ ಇಟ್ಟಮಡುವಿನ ಅಷ್ಟೂ ಹೊಲಿಗೆ ಯಂತ್ರಗಳು ಗಕ್ಕನೆ ನಿಂತವು. ಶಾಂತಲಾ ಎರಡು ದಿನ ಊಟ ಬಿಟ್ಟಳು. ಆ ಎರಡು ದಿನ ಬೀದಿಯ ನಾಯಿಗಳೂ ಉಪವಾಸವಿದ್ದವು. ಬ್ಲೌಸನ್ನು ಒಂಬತ್ತು ಸಲ ಅಳೆದಳು. ತರಿಸಿಕೊಂಡಾಕೆ ಮೂವತ್ತಾರು ಎಂದು ಬರೆದಿದ್ದಳು, ಬ್ಲೌಸು ಮೂವತ್ತಾರೇ ಇತ್ತು. ಆದರೆ ಆಕೆ ಮೂವತ್ತಾರಿದ್ದದ್ದು ಮದುವೆಯ ದಿನ. ನಮ್ಮ ಹೆಂಗಸರು ಹಳೆಯ ಬ್ಲೌಸೊಂದನ್ನು ಅಳತೆಗೆಂದು ಟೈಲರ್ ಕೈಗೆ ಕೊಟ್ಟು, ‘ಇದರ ಹಾಗೇ, ಆದರೆ ಸ್ವಲ್ಪ ಲೂಸು’ ಎಂದು ಹೇಳಿ ಬರುವವರು. ತಮ್ಮ ಮೈಯ ನಂಬರನ್ನು ಯಾರು ನೆನಪಿಟ್ಟುಕೊಂಡಿದ್ದಾರೆ? ಅಳತೆ ಕೇಳಿದ ಜಾಗದಲ್ಲಿ ಬಾಯಿಗೆ ಬಂದದ್ದನ್ನು ಬರೆದಿದ್ದರು. ಒಬ್ಬಾಕೆಯಂತೂ ‘ಮೂವತ್ತನಾಲ್ಕು, ಹಬ್ಬದೊಳಗೆ ಸಣ್ಣ ಆಗ್ತೀನಿ’ ಎಂದು ಬರೆದಿದ್ದಳು. ಹಬ್ಬ ಬಂತು, ಬ್ಲೌಸೂ ಬಂತು. ಹತ್ತರಲ್ಲಿ ನಾಲ್ಕು ವಾಪಸ್.

“ನಿನ್ನ ತಪ್ಪೇನಿದೆ ಇದ್ರಲ್ಲಿ?” ಎಂದ ಭೀಮೇಶ್.

“ಮೈ ನೋಡ್ದೆ ಹೊಲಿದಿದ್ದೇ ತಪ್ಪು ಕಣ್ರೀ. ಮೈ ಎದುರಿಗೆ ಇರೋರು ಹೊಲೀಬೇಕು.” ವಾಪಸ್ ಬಂದ ಬ್ಲೌಸನ್ನು ಮಡಿಸಿಟ್ಟು, “ಶಾಲಿನಿಗೆ ಬರೋಕ್ಹೇಳಿ,” ಎಂದಳು. ಹಿಮಾಲಯ ಪಕ್ಕಕ್ಕೆ ಸರಿದರೂ ಅಷ್ಟು ಸದ್ದಾಗುತ್ತಿರಲಿಲ್ಲ.

ಮೂರು ವಾರ ಅತ್ತಿಗೆ-ನಾದಿನಿ ಕೂತು ಫೈಲು ಮಾಡಿದರು. ಗುಟ್ಟು ಹೇಳುವುದೇ ಆದರೆ ಅರ್ಧ ಹೇಳುವ ಜಾತಿಯವಳಲ್ಲ ಶಾಂತಲಾ. ಕಂಕುಳಿನ ತಿರುವು ಎಲ್ಲಿ ಏಳಬೇಕು, ಎದೆಯ ಬಳಿ ಮಡಿಸಿ ಹೊಲಿಯುವ ಡಾಟು ಎಲ್ಲಿ ನಿಲ್ಲಬೇಕು, ಎರಡೂ ಪಕ್ಕ ಒಳಗೆ ಒಂದಿಂಚು ಬಟ್ಟೆ ಏಕೆ ಬಿಡಬೇಕು, ಎಲ್ಲ ಬರೆಸಿದಳು. ಫೈಲು ಆನ್‌ಲೈನಿಗೆ ಹೋಯಿತು, ಕೊಳ್ಳುವವರೂ ಕೊಂಡರು. ಒಂದು ತಿಂಗಳು, ಎರಡು ತಿಂಗಳು, ಯಾವುದೂ ವಾಪಸ್ ಬರಲಿಲ್ಲ.

“ಫೈಲ್ ವಾಪಸ್ ಬರಕ್ಕೆ ಆಗಲ್ವಲ್ಲೇ, ಅದಕ್ಕೆ ಕೈಕಾಲಿಲ್ಲ,” ಎಂದು ಭೀಮೇಶ್ ಚುಚ್ಚಿದ. ಶಾಂತಲಾಳಿಗೆ ಚುರ್ರೆಂದಿತು, ಏಕೆಂದರೆ ಮಾತು ನಿಜ. ಸರಿ ಬಂತೋ ಇಲ್ಲವೋ ತಿಳಿಯದೆ ಉಳಿಸಿಕೊಂಡ ಹೆಸರು ಎಂಥ ಹೆಸರು?

ಒಂದು ಭಾನುವಾರ ಬೆಳಿಗ್ಗೆ ಕೈಕಾಲು ಬಂದೇಬಿಟ್ಟವು. ಪುಟ್ಟೇನಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ಬಂದ ಹೆಂಗಸು, ಕವರಿನಿಂದ ನೀಲಿ ಬ್ಲೌಸನ್ನೂ ಅಂಟಿಸಿದ ಹಾಳೆಗಳನ್ನೂ ತೆಗೆದು ಮೇಜಿನ ಮೇಲಿಟ್ಟಳು.

“ನಾನು ವಿಜಯಲಕ್ಷ್ಮಿ ಅಂತ ಅಕ್ಕ. ಒಂಬತ್ತು ವರ್ಷದಿಂದ ಬೇರೆಯವರು ಕತ್ತರಿಸಿ ಕೊಟ್ಟಿದ್ದನ್ನ ಹೊಲೀತಿದ್ದೀನಿ. ಕತ್ತರಿ ಹಿಡಿದಿದ್ದು ಇದೇ ಮೊದಲು. ನೀವು ಬರೆದಿದ್ದು ಒಂದಕ್ಷರ ಬಿಡ್ದೆ ಮಾಡ್ದೆ. ಹಾಕ್ಕೊಳ್ಳೋಕೆ ಹೋದ್ರೆ ಮೊಣಕೈ ದಾಟ್ತಿಲ್ಲ.” ಬೈಯಲು ಬಂದವಳ ದನಿ ಅಲ್ಲಿಗೆ ಸಣ್ಣದಾಯಿತು. “ನನ್ನ ಕೈಯೇ ಸರಿಯಿಲ್ವೇನೋ ಅನ್ನಿಸ್ತು.”

ಶಾಂತಲಾ ಹೊಲಿಗೆ ನೋಡಿದಳು. ಮುತ್ತು ಪೋಣಿಸಿದ ಹಾಗಿತ್ತು. ಕತ್ತರಿಸಿದ ಅಂಚು ನೋಡಿದಳು; ಗೆರೆ ಬಿಟ್ಟು ಒಂದು ಎಳೆ ಆಚೀಚೆ ಹೋಗಿರಲಿಲ್ಲ. ಟೇಪು ತೆಗೆದು ಹಾಳೆಯ ಮೇಲೆ ಹಾಸಿದಳು. ಎಂಟಿಂಚು ಇರಬೇಕಾದ ಗೆರೆ ಏಳೂವರೆ ಇತ್ತು.

“ಪ್ರಿಂಟ್ ಎಲ್ಲಿ ಹಾಕಿಸಿದ್ರಿ?”

“ನಮ್ಮ ರಸ್ತೆ ಜೆರಾಕ್ಸ್ ಅಂಗಡೀಲಿ. ಅಂಚು ಕಟ್ ಆಗ್ದೆ ಇರ್ಲಿ ಅಂತ ಅವ್ರೇ ಒಂಚೂರು ಸಣ್ಣ ಮಾಡ್ಕೊಟ್ರು.”

ಭೀಮೇಶ್ ಒಳಗಿನಿಂದಲೇ ಕೂಗಿದ: “ಹಾಗಾದ್ರೆ ಜೆರಾಕ್ಸ್‌ನೋರ ತಪ್ಪು ಬಿಡು.”

“ನೀವು ಸುಮ್ನಿರಿ. ನನ್ನ ಕಟಿಂಗು ಅಂತ ಹೆಸರು ಹಾಕಿದ್ಮೇಲೆ ನಂದೇ.”

ಎರಡೂ ಪಕ್ಕದ ಹೊಲಿಗೆಯನ್ನು ಸರಸರನೆ ಬಿಚ್ಚಿದಳು. ಒಳಗೆ ಬಿಡಬೇಕೆಂದು ಬರೆಸಿದ್ದ ಒಂದಿಂಚು ಬಟ್ಟೆ ಕಾದು ಕೂತಿತ್ತು. ತೋಳಿನಿಂದ ಸೊಂಟದವರೆಗೆ ಅದರಲ್ಲಿ ಅರ್ಧರ್ಧ ಇಂಚು ಬಿಟ್ಟು ತಿರುಗಿ ಹೊಲಿದಳು. ಯಂತ್ರ ಓಡಿದ ವೇಗಕ್ಕೆ ಗೋಡೆಯ ಕ್ಯಾಲೆಂಡರ್ ಎರಡು ತಿಂಗಳು ಮುಂದೆ ಹೋಯಿತು. ವಿಜಯಲಕ್ಷ್ಮಿ ಒಳಕೋಣೆಗೆ ಹೋಗಿ ಹಾಕಿಕೊಂಡು ಬಂದಳು. ಭುಜದಲ್ಲಿ ಸುಕ್ಕಿಲ್ಲ, ಬೆನ್ನಿನಲ್ಲಿ ಗಾಳಿಯಿಲ್ಲ. ಕೈ ಎತ್ತಿದಳು, ಇಳಿಸಿದಳು, ಕನ್ನಡಿಯ ಮುಂದೆ ನಿಂತವಳು ಅಲ್ಲಿಂದ ಕದಲಲಿಲ್ಲ.

“ಇದನ್ನ ನಾನೇ ಕತ್ತರಿಸಿದ್ದು,” ಎಂದಳು, ಕನ್ನಡಿಗೆ.

ಆ ಮಾತು ಕೇಳಿ ಶಾಂತಲಾಳ ಎದೆ ಎಷ್ಟು ಉಬ್ಬಿತೆಂದರೆ ಅವಳ ಬ್ಲೌಸನ್ನೇ ಒಂದಿಂಚು ಬಿಚ್ಚಬೇಕಾಯಿತು. ತಾನು ಕತ್ತರಿಸದ ಬಟ್ಟೆ, ತಾನು ಅಳೆಯದ ಮೈ. ಆದರೂ ಆ ಕಂಕುಳಿನ ತಿರುವು ತನ್ನದೇ. ಎರಡು ಕೈಯಲ್ಲಿ ಹುಟ್ಟುಹಾಕಲಾಗದಷ್ಟು ಬ್ಲೌಸುಗಳು ಆ ತಿರುವನ್ನು ಹೊತ್ತು ಎಲ್ಲೆಲ್ಲಿ ಓಡಾಡುತ್ತಿವೆಯೋ.

ಆಗಲೇ ಶಾಲಿನಿಗೆ ಫೋನ್ ಮಾಡಿದಳು. “ಮೊದಲ್ನೇ ಹಾಳೇಲಿ ಆರಿಂಚಿನ ಒಂದು ಗೆರೆ ಎಳಿ. ‘ಪ್ರಿಂಟ್ ಹಾಕಿಸಿದ ಮೇಲೆ ಈ ಗೆರೆ ಮೇಲೆ ಟೇಪ್ ಇಡಿ. ಆರು ಬರದಿದ್ದರೆ ಕತ್ತರಿ ಮುಟ್ಟಬೇಡಿ’ ಅಂತ ಕೆಂಪಕ್ಷರದಲ್ಲಿ ಬರಿ. ಹೊಲಿದಿರೋ ಬ್ಲೌಸಿನ ಫೋಟೋ ಎಲ್ಲ ತೆಗೆದುಹಾಕು. ಇನ್ಮೇಲೆ ಫೈಲ್ ಒಂದೇ.”

“ಮತ್ತೆ ಹೊಲಿದಿದ್ದು?” ಎಂದ ಭೀಮೇಶ್, ಸೋತ ರಾಜನ ಮುಖದಲ್ಲಿ.

“ಇಟ್ಟಮಡುಗೆ ಬಂದು ನನ್ನ ಮುಂದೆ ನಿಲ್ಲೋರಿಗೆ.”

ವಿಜಯಲಕ್ಷ್ಮಿ ನೀಲಿ ಬ್ಲೌಸಿನಲ್ಲೇ ಹೊರಟು ನಿಂತಿದ್ದಳು. ಚಪ್ಪಲಿ ಮೆಟ್ಟುತ್ತಾ ಕೇಳಿದಳು: “ಅಕ್ಕ, ಇನ್ಮೇಲೆ ನನ್ನ ಹತ್ರ ಗಿರಾಕಿಗಳು ಬಂದು ಕಟಿಂಗ್ ಯಾರ್ದು ಅಂತ ಕೇಳಿದ್ರೆ ಏನ್ ಹೇಳ್ಲಿ?”

ಶಾಂತಲಾ ಬಾಗಿಲಿಗೆ ಒರಗಿ ನಿಂತಳು.

“ಸರಿಯಾಗಿ ಬಂದ್ರೆ ನಿಮ್ದು ಅಂತ ಹೇಳಿ. ಹಿಡಿದ್ರೆ, ನಂದು ಅಂತ ಹೇಳಿ, ಇಲ್ಲಿಗೆ ಕಳಿಸಿ.”